ಗೊಂಬೆಯ ಒಪ್ಪಿಗೆ

ದಾಬಸ್‌ಪೇಟೆಯಲ್ಲಿ ನನ್ನದೊಂದು ಪುಟ್ಟ ವಿಡಿಯೊ ಎಡಿಟಿಂಗ್ ಅಂಗಡಿಯಿದೆ. ಹೆದ್ದಾರಿಯ ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ತುಮಕೂರು. ನಡುವೆ ದೊಡ್ಡಬಳ್ಳಾಪುರಕ್ಕೆ ತಿರುಗುವ ರಸ್ತೆ. ಶಿವಗಂಗೆ ಬೆಟ್ಟಕ್ಕೆ ಹೋಗುವವರು ಇಲ್ಲೇ ಬಸ್ಸಿಳಿಯುತ್ತಾರೆ. ಸೋಂಪುರ ಕೈಗಾರಿಕಾ ಪ್ರದೇಶಕ್ಕೆ ಶಿಫ್ಟಿಗೆ ಹೋಗುವ ಹುಡುಗರು ಇಲ್ಲೇ ಟೀ ಕುಡಿಯುತ್ತಾರೆ. ಮದುವೆ, ನಾಮಕರಣ, ಗೃಹಪ್ರವೇಶ, ಎಲೆಕ್ಷನ್ ಬಂದರೆ ಪ್ರಚಾರದ ವಿಡಿಯೊ, ಇವು ನನ್ನ ಹಗಲಿನ ಕೆಲಸ. 2015ರಿಂದ ಸುಮಾರು ಎರಡು ವರ್ಷ ರಾತ್ರಿ ಹೊತ್ತು ಇನ್ನೊಂದು ಕೆಲಸ ಮಾಡುತ್ತಿದ್ದೆ. ಕಂಪ್ಯೂಟರಿನೊಳಗಿನ ಒಂದು ಲೋಕದಲ್ಲಿ ಚಿತ್ರೀಕರಿಸಿದ, ವಯಸ್ಕರಿಗೆ ಮಾತ್ರ ಎನ್ನುವಂಥ ಕಿರುಚಿತ್ರಗಳ ಎಡಿಟಿಂಗ್.

ಆ ಲೋಕದ ಹೆಸರು ಸೆಕೆಂಡ್ ಲೈಫ್. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಎಂಬ ಕಂಪನಿ 2003ರ ಜೂನ್‌ನಲ್ಲಿ ಅದನ್ನು ಶುರು ಮಾಡಿತು. ನೋಡಿದರೆ ವಿಡಿಯೊ ಗೇಮ್ ಅನ್ನಿಸುತ್ತದೆ, ಆದರೆ ಅಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ನೀವು ಒಂದು ಗೊಂಬೆದೇಹ ತೊಟ್ಟು ಒಳಗೆ ಹೋಗುತ್ತೀರಿ. ಅದಕ್ಕೆ ಅವತಾರ ಎಂದೇ ಹೆಸರು, ನಮ್ಮ ಪದವೇ ಇಂಗ್ಲಿಷಿಗೆ ಹೋಗಿ ಅವತಾರ್ ಆಗಿ ಮರಳಿ ಬಂದಿದೆ. ಅಲ್ಲಿನ ಮನೆ, ಮರ, ಬಟ್ಟೆ, ಕೂದಲು ಎಲ್ಲವನ್ನೂ ಅಲ್ಲಿ ಓಡಾಡುವ ಜನರೇ ಮಾಡಿ ಒಬ್ಬರಿಗೊಬ್ಬರು ಮಾರುತ್ತಾರೆ. ಅದಕ್ಕೆ ಲಿಂಡೆನ್ ಡಾಲರ್ ಎಂಬ ಬೇರೆ ದುಡ್ಡೇ ಇದೆ. ಮಾಮೂಲಿ ಏರ್ಪಾಡಿನಲ್ಲಿ ಅಲ್ಲಿನ ಒಂದು ದಿನ ಎಂದರೆ ನಮ್ಮ ನಾಲ್ಕು ಗಂಟೆ. ಆದರೆ ಸೂರ್ಯನನ್ನು ಸಂಜೆಯಲ್ಲೇ ನಿಲ್ಲಿಸಿಕೊಳ್ಳಬಹುದು. ಮುಹೂರ್ತ ಮೀರಿ, ಬಿಸಿಲು ಏರಿ, ವಧುವಿನ ಮುಖ ಬೆವರುವ ಮದುವೆಗಳನ್ನು ಶೂಟ್ ಮಾಡಿದವನಿಗೆ ಇದಕ್ಕಿಂತ ದೊಡ್ಡ ಸುಖ ಬೇರೆ ಏನು ಬೇಕು!

ಇಂಥ ಲೋಕಗಳೊಳಗೆ ಸಿನಿಮಾ ತೆಗೆಯುವುದಕ್ಕೆ ಮೆಷಿನಿಮಾ ಎನ್ನುತ್ತಾರೆ. ಮೆಷಿನ್ ಮತ್ತು ಸಿನಿಮಾ ಸೇರಿಸಿದ ಪದ. 1996ರಲ್ಲಿ ಕ್ವೇಕ್ ಎಂಬ ಗುಂಡು ಹಾರಿಸುವ ಆಟದೊಳಗೆ ಕೆಲವು ಆಟಗಾರರು ಪುಟ್ಟದೊಂದು ಕಥೆ ಮಾಡಿ ತೋರಿಸಿದ್ದು ಇದರ ಆರಂಭ ಎಂದು ಹೇಳುತ್ತಾರೆ. 2007ರ ಹೊತ್ತಿಗೆ ಸೆಕೆಂಡ್ ಲೈಫಿನೊಳಗೆ ತೆಗೆದ ಒಂದು ಸಾಕ್ಷ್ಯಚಿತ್ರವನ್ನು ಎಚ್‌ಬಿಒ ಚಾನೆಲ್ ಕೊಂಡುಕೊಂಡಿತ್ತು. ಜನ ಸೇರುವ ಕಡೆ ಕಾಮವೂ ಬರುತ್ತದೆ, ಅದಕ್ಕೊಂದು ಸಂತೆಯೂ ಬರುತ್ತದೆ. ಅದು ಎಷ್ಟು ಬೆಳೆಯಿತೆಂದರೆ 2009ರಲ್ಲಿ ಕಂಪನಿ ಜಿಂಡ್ರಾ ಎಂಬ ಹೊಸ ಖಂಡವನ್ನೇ ಸೃಷ್ಟಿಸಿ ಅಂಥ ಜಾಗಗಳನ್ನು ಅಲ್ಲಿಗೆ ಸಾಗಿಸಿತು. ವಯಸ್ಸು ಖಚಿತಪಡಿಸಿದವರಿಗಷ್ಟೇ ಪ್ರವೇಶ.

ಬೆಂಗಳೂರಿನಲ್ಲಿ ಅನಿಮೇಶನ್ ಕೆಲಸ ಬಿಟ್ಟು ನಾನು ಊರಿಗೆ ಬಂದ ವರ್ಷ, ಹಳೆಯ ಸಹೋದ್ಯೋಗಿಯೊಬ್ಬ ಈ ಕೆಲಸ ಗೊತ್ತು ಮಾಡಿಕೊಟ್ಟ. ನಿರ್ದೇಶಕಿ ಯುರೋಪಿನವರು, ನಾಟಕದಿಂದ ನಿವೃತ್ತರಾದ ಹೆಂಗಸು. ನಾನು ಮೊದಲೇ ಹೇಳಿದೆ: ನಮ್ಮ ದೇಶದ ಐಟಿ ಕಾಯ್ದೆಯಲ್ಲಿ 67ಎ ಎಂಬ ಕಲಂ ಇದೆ, ಲೈಂಗಿಕ ಕ್ರಿಯೆಯನ್ನು ಬಿಚ್ಚಿ ತೋರಿಸುವುದನ್ನು ಪ್ರಕಟಿಸಿದರೂ ರವಾನಿಸಿದರೂ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ, ಅಂಥದ್ದು ನನ್ನಿಂದ ಆಗದು. ಆಕೆ, ನನಗೂ ಅದು ಬೇಡ, ನನಗೆ ಬೇಕಾದದ್ದು ಐವತ್ತು ದಾಟಿದವರ ಪ್ರೇಮ ಎಂದು ಬರೆದರು. ಗಂಡ ಸತ್ತ ಹೆಂಗಸು ಹನ್ನೆರಡು ವರ್ಷದ ಮೇಲೆ ಮತ್ತೊಬ್ಬರ ಎದುರು ಬಟ್ಟೆ ಕಳಚಲು ನಾಚುವುದು, ನಾಚಿಕೆ ಹೋದ ಮೇಲೆ ನಗುವುದು, ಅಂಥ ಕಥೆಗಳು. ಪುಟ್ಟಣ್ಣ ಕಣಗಾಲರು 1973ರಲ್ಲೇ ‘ಎಡಕಲ್ಲು ಗುಡ್ಡದ ಮೇಲೆ’ ತೆಗೆದು ಹೆಣ್ಣಿನ ದೇಹದ ಹಸಿವಿನ ಬಗ್ಗೆ ಮಾತಾಡಿದ ನಾಡು ನಮ್ಮದು. ನನಗೆ ಅದು ತೀರಾ ಪರಕೀಯ ಅನ್ನಿಸಲಿಲ್ಲ.

ಗೊಂಬೆಗಳಿಂದ ಪ್ರೇಮ ಮಾಡಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಅಲ್ಲಿ ಮೊದಲಿಗೆ ಸಿಗುವ ದೇಹ ಬಟ್ಟೆ ಅಂಗಡಿಯ ಬೊಂಬೆಯ ದೇಹದಂತೆ ಬೋಳು, ಮುಚ್ಚಿಟ್ಟುಕೊಳ್ಳಬೇಕಾದ್ದನ್ನೆಲ್ಲ ಬೇರೆ ಕೊಂಡು ಜೋಡಿಸಿಕೊಳ್ಳಬೇಕು. ನೆಲದ ಮೇಲೆ ಗುಲಾಬಿ ಮತ್ತು ನೀಲಿ ಬಣ್ಣದ ಚೆಂಡುಗಳಿರುತ್ತವೆ. ಒಬ್ಬರು ಒಂದನ್ನು ಒತ್ತಿದರೆ, ಇನ್ನೊಬ್ಬರು ಇನ್ನೊಂದನ್ನು ಒತ್ತಿದರೆ, ಇಬ್ಬರೂ ಯಾರೋ ಮೊದಲೇ ಬರೆದಿಟ್ಟ ಅಪ್ಪುಗೆಯೊಳಗೆ ಹೋಗಿ ಸೇರುತ್ತಾರೆ. ಆ ಅಪ್ಪುಗೆ ಯಾವುದೋ ಎತ್ತರದವರಿಗೆ ಅಳತೆ ಮಾಡಿದ್ದು. ನಮ್ಮ ನಾಯಕ ಉದ್ದ, ನಾಯಕಿ ಗಿಡ್ಡ. ಹೀಗಾಗಿ ಮುತ್ತು ಕೆನ್ನೆಗೆ ಬದಲು ಹಣೆಯಾಚೆಯ ಗಾಳಿಗೆ ಬೀಳುತ್ತಿತ್ತು, ಕೈ ಬೆನ್ನನ್ನು ಸವರುವ ಬದಲು ಬೆನ್ನೊಳಗೇ ಮುಳುಗುತ್ತಿತ್ತು. 2016ರ ಕೊನೆಯಲ್ಲಿ ಆ ದೇಹಗಳಿಗೆ ಬೆರಳಿನ, ಮುಖದ ಹೊಸ ಮೂಳೆಗಳು ಬರುವ ತನಕ ಬೆರಳುಗಳು ಒಂದೊಂದಾಗಿ ಮಡಚುತ್ತಿರಲಿಲ್ಲ. ಬೆರಳಿಲ್ಲದೆ ಪ್ರೇಮ ಹೇಗೆ ತೋರಿಸುತ್ತೀರಿ? ಕ್ಯಾಮೆರಾವನ್ನು ದೀಪದ ಕಡೆ, ಪರದೆಯ ಕಡೆ, ನೆಲಕ್ಕೆ ಬಿದ್ದ ಶಾಲಿನ ಕಡೆ ತಿರುಗಿಸಿ ತೋರಿಸುತ್ತಿದ್ದೆವು.

ಒಂದು ರಾತ್ರಿ ನನ್ನ ಹೆಂಡತಿ ಊಟಕ್ಕೆ ಕರೆಯಲು ಬಂದು ಹಿಂದೆ ನಿಂತು ನೋಡಿದಳು. ನಾನು ಮಾನಿಟರ್ ಆಫ್ ಮಾಡಲು ಹೋಗಲಿಲ್ಲ, ಅವಳಿಗೆ ಕೆಲಸದ ವಿಚಾರ ಗೊತ್ತಿತ್ತು. ಸ್ವಲ್ಪ ಹೊತ್ತು ನೋಡಿ, “ಅಲ್ರೀ, ಇವ್ರಿಗೆ ಉಸಿರೇ ಇಲ್ವಲ್ಲ?” ಅಂದಳು. ಸರಿಯಾಗಿ ಹೇಳಿದ್ದಳು. ಆ ಲೋಕದಲ್ಲಿ ಬಟ್ಟೆ ಸರಿದರೆ ಸದ್ದಿಲ್ಲ, ಮೈ ಮಗ್ಗುಲಾದರೆ ಸದ್ದಿಲ್ಲ. ಶಟರ್ ಅರ್ಧ ಎಳೆದು, ಎರಡು ಲಾರಿ ಹಾರನ್ನುಗಳ ನಡುವಿನ ಮೌನದಲ್ಲಿ, ಮದುವೆಮನೆಗೆ ಒಯ್ಯುವ ಮೈಕಿನಲ್ಲಿ ಉಸಿರು ರೆಕಾರ್ಡ್ ಮಾಡಿದೆ. ಹಾಸಿಗೆ ಬಟ್ಟೆಯ ಸದ್ದಿಗೆ ಅವಳೇ ತನ್ನ ಧಾರೆ ಸೀರೆ ತಂದು ಮೈಕಿನ ಪಕ್ಕ ಮೆಲ್ಲಗೆ ಹಿಂಡಿದಳು. “ಯಾರ್ಗೂ ಹೇಳ್ಬೇಡಿ ಮತ್ತೆ” ಎಂದಳು. ಈಗ ಅವಳ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ಗೊಂಬೆಗಳ ಬಾಯಲ್ಲಿ ಪೋಲಿ ಮಾತು ಆಡಿಸುವುದು ನಮಗೆ ಹೊಸದಲ್ಲ. ಕುಣಿಗಲ್ ಕಡೆಯ ನಮ್ಮಜ್ಜಿ ತಾನು ಹುಡುಗಿಯಾಗಿದ್ದಾಗ ಕಂಡ ತೊಗಲುಗೊಂಬೆ ಆಟದ ವಿಷಯ ಹೇಳುತ್ತಿದ್ದಳು. ಮಳೆ ಬರಲಿ ಎಂದು ಊರಿನವರೇ ಆಟ ಕಟ್ಟಿಸುತ್ತಿದ್ದರಂತೆ. ರಾಮಾಯಣ, ಭಾರತದ ಕಥೆಯ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಎರಡು ಗೊಂಬೆಗಳು ನುಗ್ಗಿ, ಊರಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತುಗಳನ್ನು ಆಡಿಬಿಡುತ್ತಿದ್ದವಂತೆ. “ಸೆರಗು ಬಾಯಿಗೆ ಇಟ್ಕೊಂಡು ನಗೋದೇ ನಗೋದು. ಗೊಂಬೆ ಅಲ್ವಾ, ಬೈಯೋದು ಯಾರ್ನ?” ಎಂದು ಅಜ್ಜಿ ಈಗಲೂ ನಾಚುವಂತೆ ಹೇಳುತ್ತಿದ್ದಳು. ಚರ್ಮ, ಬಣ್ಣ, ದೀಪ, ಪರದೆ. ಹಿಂದೆ ಕೂತು ಆಡಿಸುವವರು. ಪರದೆಯ ಮೇಲಿನದಕ್ಕೆ ಮೈಯಿಲ್ಲ, ಹಾಗಾಗಿ ಅದಕ್ಕೆ ಮಾನದ ಭಯವೂ ಇಲ್ಲ. ನಾನು ಎಡಿಟ್ ಮಾಡುತ್ತಿದ್ದದ್ದೂ ಅದೇ ಅಲ್ಲವೇ ಎಂದು ಸಮಾಧಾನವಾಗಿತ್ತು.

ಆದರೆ ಅಜ್ಜಿಯ ಗೊಂಬೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಕಿಳ್ಳೇಕ್ಯಾತ, ಬಂಗಾರಕ್ಕ ಇಬ್ಬರನ್ನೂ ಆಡಿಸುವುದು ಒಂದೇ ಮೇಳ. ಇಲ್ಲಿ ಒಂದೊಂದು ಗೊಂಬೆಯ ಹಿಂದೆ ಒಬ್ಬೊಬ್ಬರು, ಒಂದೊಂದು ದೇಶದಲ್ಲಿ. ಸೆಕೆಂಡ್ ಲೈಫಿನಲ್ಲಿ ಚಿತ್ರೀಕರಣಕ್ಕೆ ಕಂಪನಿಯದೊಂದು ನಿಯಮವಿದೆ. ಜಾಗದ ಯಜಮಾನರ ಅನುಮತಿ ಬೇಕು, ಮತ್ತು ಗುರುತು ಸಿಗುವಂತೆ ಕಾಣಿಸಿಕೊಳ್ಳುವ ಪ್ರತಿ ಅವತಾರದ ಹಿಂದಿನ ವ್ಯಕ್ತಿಯ ಒಪ್ಪಿಗೆ ಬೇಕು. ಮೊದಲ ಸಲ ಓದಿದವರಿಗೆ ಇದು ತಮಾಷೆ. ಗೊಂಬೆಗೆ ಎಂಥ ಒಪ್ಪಿಗೆ? ನಮ್ಮ ನಿರ್ದೇಶಕಿ ಪ್ರತಿಯೊಬ್ಬರಿಂದಲೂ ಬರೆಸಿಕೊಂಡು ಕಡತ ಮಾಡಿ ನನಗೂ ಒಂದು ಪ್ರತಿ ಕಳಿಸುತ್ತಿದ್ದರು.

ಎರಡನೇ ವರ್ಷ ಒಂದು ಚಿತ್ರ ಪೂರ್ತಿಯಾಗುವ ಹೊತ್ತಿಗೆ ನಾಯಕಿಯ ಅವತಾರ ಆಡಿಸಿದ ಹೆಂಗಸಿನ ಪತ್ರ ಬಂತು. ತನ್ನ ಭಾಗ ತೆಗೆಯಬೇಕು ಎಂದು. ಐದು ತಿಂಗಳ ಕೆಲಸ. ನಿರ್ದೇಶಕಿಗೆ ಸಿಟ್ಟು ಬಂತು: ಅವಳ ಮುಖವಿಲ್ಲ, ಮೈಯಿಲ್ಲ, ದನಿಯೂ ಬೇರೆಯವರದು, ಇದರಲ್ಲಿ ಅವಳದೇನಿದೆ? ಆ ಹೆಂಗಸಿನ ಉತ್ತರ ಚಿಕ್ಕದು. ಒಂಬತ್ತು ವರ್ಷದಿಂದ ಈ ಮುಖ, ಈ ನಡಿಗೆಯನ್ನು ಒಂದೊಂದಾಗಿ ಆರಿಸಿ ಕಟ್ಟಿಕೊಂಡಿದ್ದೇನೆ, ಕಾಯಿಲೆಯಿಂದ ಮನೆ ಬಿಟ್ಟು ಹೊರಡಲಾಗದ ನನಗೆ ಗೆಳೆಯರಿರುವುದು ಅಲ್ಲೇ, ಅವರು ನನ್ನನ್ನು ಗುರುತಿಸುವುದು ಇದರಿಂದಲೇ. ಆಗ ಒಪ್ಪಿದ್ದೆ, ನೋಡಿದ ಮೇಲೆ ಮನಸ್ಸು ಒಪ್ಪುತ್ತಿಲ್ಲ.

ನಿರ್ದೇಶಕಿ ನನ್ನ ಅಭಿಪ್ರಾಯ ಕೇಳಿದರು. ಬರೆದುಕೊಟ್ಟ ಕಾಗದ ನಮ್ಮ ಬಳಿ ಇತ್ತು, ಕಾನೂನಿನಂತೆ ಬಿಡುಗಡೆ ಮಾಡಬಹುದಿತ್ತೇನೋ. ಆಗ ನನಗೆ ಮದುವೆ ಆಲ್ಬಮ್ ನೋಡುತ್ತ “ಇದೊಂದು ಬೇಡ ಸಾರ್, ತೆಗೀರಿ” ಎನ್ನುವ ಮದುಮಗಳು ನೆನಪಾದಳು. ಫೋಟೊದಲ್ಲಿ ಏನೂ ಕೆಟ್ಟದ್ದಿರುವುದಿಲ್ಲ. ಅವಳಿಗೆ ಬೇಡ, ಅಷ್ಟೇ. ತೆಗೆಯೋಣ ಎಂದು ಬರೆದೆ. ನಾಯಕಿಯ ಪಾಲನ್ನೆಲ್ಲ ಬೇರೆ ಅವತಾರದಿಂದ ಮತ್ತೆ ಶೂಟ್ ಮಾಡಿದರು. ಮೂರು ವಾರ ಮರು ಎಡಿಟಿಂಗ್, ಅದಕ್ಕೆ ದುಡ್ಡು ಬರಲಿಲ್ಲ. ಹಳೆಯ ಫೈಲುಗಳನ್ನು ಅಳಿಸಿ, ಅಳಿಸಿದ್ದೇನೆ ಎಂದು ಆ ಹೆಂಗಸಿಗೆ ನಾನೇ ತಿಳಿಸಿದೆ.

2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಂಗಸಿನ ವಿಡಿಯೊಗೆ ಅಂಟಿಸಿ ಹರಿಬಿಟ್ಟರಲ್ಲ, ಅದಾಗಿ ಕೆಲವು ತಿಂಗಳಿಗೆ ಒಬ್ಬ ಹುಡುಗ ಅಂಗಡಿಗೆ ಬಂದ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು, ಫ್ಯಾಕ್ಟರಿಯ ಐಡಿ ಕಾರ್ಡ್ ಕುತ್ತಿಗೆಯಲ್ಲೇ ಇತ್ತು. ಫೋನಿನಲ್ಲಿ ಒಬ್ಬ ಹುಡುಗಿಯ ಫೋಟೊ ತೋರಿಸಿದ. ಜಾತ್ರೆಯಲ್ಲಿ ತೆಗೆದದ್ದು, ಅವಳು ಕ್ಯಾಮೆರಾ ನೋಡುತ್ತಿರಲಿಲ್ಲ.

“ಅಣ್ಣ, ಈ ಮುಖ ಹಾಕಿ ಒಂದ್ ವಿಡಿಯೊ ಮಾಡ್ಕೊಡಿ. ನೀವು ಅಂಥವು ಮಾಡ್ತಿದ್ರಂತಲ್ಲ, ಗೊಂಬೆದು.”

“ಇವಳನ್ನ ಕೇಳಿದ್ದೀಯಾ?”

“ಏನಣ್ಣ ನೀವು, ಅವಳನ್ನ ಯಾಕ್ ಕೇಳ್ಬೇಕು? ನಿಜ್ವಾದ್ದೇನಲ್ವಲ್ಲ.”

“ಗೊಂಬೆ ಆಡ್ಸೋರನ್ನೂ ಕೇಳಿ ಮಾಡ್ತಿದ್ವಿ ಕಣಪ್ಪ” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆ ಫೋಟೊ ನನ್ನೆದುರೇ ಅಳಿಸು, ಇಲ್ಲದಿದ್ದರೆ ಪೊಲೀಸ್ ಸ್ಟೇಷನ್ನು ದೂರವಿಲ್ಲ ಎಂದ ಮೇಲೆ ಅಳಿಸಿದ. ಇನ್ನೊಂದು ಕಡೆ ಇಟ್ಟುಕೊಂಡಿದ್ದನೋ ಏನೋ. ಈಗ ಅಂಗಡಿಯವನೂ ಬೇಕಿಲ್ಲ, ಫೋನಿನಲ್ಲೇ ಮಾಡುವ ಆಪ್‌ಗಳಿವೆ.

ಅವನು ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ಊರಿನ ಕಣ್ಣಿನಲ್ಲಿ ನಾನು ಮಾಡಿದ್ದೂ ಅವನು ಕೇಳಿದ್ದೂ ಒಂದೇ ಜಾತಿಯ ಕೆಲಸ, ಅಂಥದ್ದು. ಮಾಡಿದ್ದರಲ್ಲಿ ಮೈಯೇ ಇರಲಿಲ್ಲ, ಎಲ್ಲರ ಒಪ್ಪಿಗೆ ಇತ್ತು. ಕೇಳಿದ್ದರಲ್ಲಿ ನಿಜವಾದ ಒಬ್ಬಳ ಮುಖವಿತ್ತು, ಒಪ್ಪಿಗೆ ಎಂಬ ಮಾತೇ ಇರಲಿಲ್ಲ. 67ಎ ಕಲಂ ಕೂಡ ಪರದೆಯ ಮೇಲೆ ಏನು ಕಂಡಿತು ಎಂದು ಕೇಳುತ್ತದೆ, ಯಾರನ್ನು ಕೇಳಿ ಮಾಡಿದಿರಿ ಎಂದು ಕೇಳುವುದಿಲ್ಲ. ಅದೇ ಕಾಯ್ದೆಯ 66ಇ ಕಲಂನಲ್ಲಿ ಒಪ್ಪಿಗೆ ಇಲ್ಲದೆ ಎನ್ನುವ ಮಾತಿದೆ, ಆದರೆ ಅದು ವ್ಯಕ್ತಿಯ ಸ್ವಂತ ಗುಪ್ತಾಂಗದ ಚಿತ್ರದ ಕುರಿತಾದದ್ದು. ಜಾತ್ರೆಯಲ್ಲಿ ಅತ್ತ ನೋಡುತ್ತಿದ್ದ ಆ ಹುಡುಗಿಯ ಮುಖದ ಕೆಳಗೆ ಸೇರಿಸುವ ಮೈ ಅವಳದೇ ಆಗಿರುತ್ತಿರಲಿಲ್ಲ.

ಈಗ ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಮದುವೆಯ ರೀಲ್ಸ್ ಇನ್‌ಸ್ಟಾಗ್ರಾಮ್‌ಗೆ ಹಾಕುವ ಮೊದಲು ಮದುಮಗಳಿಗೇ ಫೋನ್ ಮಾಡಿ ಕೇಳುತ್ತೇನೆ. ದುಡ್ಡು ಕೊಡುವವರು ಅವಳ ಅಪ್ಪನೋ ಮಾವನೋ ಇರಬಹುದು, ಆದರೂ ಅವಳನ್ನೇ. ಹೆಚ್ಚಿನವರು “ಹಾಕಿ ಅಣ್ಣ, ಸಾಂಗ್ ಮಾತ್ರ ಚೆನ್ನಾಗಿರ್ಲಿ” ಎಂದು ನಗುತ್ತಾರೆ. ಹೋದ ವೈಶಾಖದಲ್ಲಿ ಒಬ್ಬಳು, ಅರಿಶಿನದ ಶಾಸ್ತ್ರದ್ದು ಬೇಡ ಎಂದಳು. ಯಾಕೆ ಎಂದು ಕೇಳಲಿಲ್ಲ. ಹುಡುಗನ ಕಡೆಯ ಹಿರಿಯರೊಬ್ಬರು ಅಂಗಡಿಗೇ ಬಂದು, “ನಮ್ ಮನೆ ಸೊಸೆ, ನಮಗಿಲ್ದಿರೋ ತಕರಾರು ನಿನಗೇನಯ್ಯ?” ಎಂದು ಗದರಿ ಉಳಿದ ಬಾಕಿಯಲ್ಲಿ ಎರಡು ಸಾವಿರ ಮುರಿದುಕೊಂಡು ಹೋದರು. ಅರಿಶಿನದ ಕ್ಲಿಪ್ಪುಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿ, ಆ ಹುಡುಗಿಯ ತಮ್ಮನನ್ನು ಕರೆಸಿ, ಅಕ್ಕನ ಕೈಗೇ ಕೊಡು ಎಂದು ಹೇಳಿ ಕಳಿಸಿದೆ.