ಬೀಗ ಹಾಕಿದ ಕೋಣೆ

ಅಕ್ಟೋಬರ್ 31ರ ಹ್ಯಾಲೋವೀನ್ ಬಂತೆಂದರೆ ಅಮೆರಿಕದಲ್ಲಿರುವ ನನ್ನ ಅಣ್ಣನ ಮೊಮ್ಮಕ್ಕಳು ದೆವ್ವದ ಚಲನಚಿತ್ರ ನೋಡುತ್ತಾರಂತೆ. "ಅಜ್ಜ, ಕನ್ನಡದಲ್ಲಿ ಯಾವುದು ಚೆನ್ನಾಗಿದೆ?" ಎಂದು ಈ ಸಲ ಫೋನಿನಲ್ಲಿ ಕೇಳಿದರು. ತಡಮಾಡದೆ 'ಆಪ್ತಮಿತ್ರ' ಎಂದೆ. ಅದೇಕೆಂಬುದನ್ನು ಇಲ್ಲಿ ತುಸು ವಿವರವಾಗಿ ಬರೆಯುತ್ತಿದ್ದೇನೆ.

ಹೆದರಿಕೆಯ ಸುಖ ನಮಗೆ ಹೊಸದಲ್ಲ. ಮಳೆಗಾಲದ ಇರುಳಿನಲ್ಲಿ ಗುಡವಿ ಕೆರೆಯ ಮರಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳು ಇದ್ದಕ್ಕಿದ್ದಂತೆ ಕಿರುಚಿಕೊಂಡರೆ, ಜಗಲಿಯ ಕಂದೀಲಿನ ಸುತ್ತ ಕಥೆ ಕೇಳುತ್ತಿದ್ದ ನಾವು ಒಬ್ಬರಿಗೊಬ್ಬರು ಒತ್ತಿಕೊಂಡು ಕೂರುತ್ತಿದ್ದೆವು. ಆದರೂ ಮುಂದೇನಾಯಿತೆಂದು ಪೀಡಿಸುತ್ತಿದ್ದವರೂ ನಾವೇ! ಪಕ್ಕದಲ್ಲಿ ಇನ್ನೊಬ್ಬರಿದ್ದಾರೆಂಬ ಧೈರ್ಯ ಆ ಭಯಕ್ಕೆ ರುಚಿ ಕೊಡುತ್ತಿತ್ತು.

ಪಾಳುಕೋಟೆ, ಮುಚ್ಚಿದ ಬಾಗಿಲು, ಜೀವ ತಳೆಯುವ ಚಿತ್ರಪಟ ಇವೆಲ್ಲ ಇಂಗ್ಲಿಷಿನ ಗಾಥಿಕ್ ಕಥೆಗಳ ಸಾಮಗ್ರಿ. ಆ ಪರಂಪರೆಯ ಮೊದಲ ಕಾದಂಬರಿ ಎನಿಸಿರುವ, ಹೊರೇಸ್ ವಾಲ್ಪೋಲನ 1764ರ 'ದಿ ಕ್ಯಾಸಲ್ ಆಫ್ ಒಟ್ರಾಂಟೊ'ದಲ್ಲಿ ಪಟದೊಳಗಿನ ಅಜ್ಜ ಚೌಕಟ್ಟು ಬಿಟ್ಟು ಕೆಳಗಿಳಿಯುತ್ತಾನೆ. ಪಿ. ವಾಸು ನಿರ್ದೇಶಿಸಿದ 2004ರ 'ಆಪ್ತಮಿತ್ರ'ದಲ್ಲಿಯೂ ಹಳೆಯ ಅರಮನೆಯಿದೆ, ಬೀಗ ಹಾಕಿದ ಕೋಣೆಯಿದೆ, ನರ್ತಕಿ ನಾಗವಲ್ಲಿಯ ಪಟವಿದೆ. ಇದರ ಮೂಲ, ಫಾಸಿಲ್ ನಿರ್ದೇಶನದ 1993ರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್'. ಅದೇ ಕಥೆ 2005ರಲ್ಲಿ ತಮಿಳಿನ 'ಚಂದ್ರಮುಖಿ'ಯಾಯಿತು, 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯಾ' ಆಯಿತು.

ಇಲ್ಲೊಂದು ಸ್ವಾರಸ್ಯವಿದೆ. ಮಲಯಾಳಂ ಚಿತ್ರದಲ್ಲಿ ಆ ನರ್ತಕಿಯ ಮಾತು ತಮಿಳು, ಕನ್ನಡದಲ್ಲಿಯೂ ತಮಿಳಿನಲ್ಲಿಯೂ ತೆಲುಗು, ಹಿಂದಿಯಲ್ಲಿ ಬಂಗಾಳಿ. ಎಲ್ಲರ ದೆವ್ವವೂ ಬೇರೆಯವರ ಭಾಷೆಯನ್ನೇ ಆಡುತ್ತದೆ! ಅರಿಯದುದನ್ನು ಹೊರಗಿನವರ ತಲೆಗೆ ಕಟ್ಟುವುದು ಮನುಷ್ಯನ ಹಳೆಯ ಅಭ್ಯಾಸ.

ಆದರೆ ಬೀಗ ತೆರೆದ ಕೋಣೆಯಿಂದ ಹೊರಬರುವುದು ದೆವ್ವವಲ್ಲ, ಗಂಗಾ ಎಂಬ ಹೆಣ್ಣಿನ ಮನಸ್ಸಿನ ನೋವು. ಆ ಪಾತ್ರ ಮಾಡಿದ ಸೌಂದರ್ಯ ಚಿತ್ರ ತೆರೆಕಾಣುವ ಮೊದಲೇ, 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ವಿಷ್ಣುವರ್ಧನ್ ಅವರ ವೈದ್ಯ ಅವಳನ್ನು ಬೈಯುವುದಿಲ್ಲ, ರೋಗಿಯೆಂದು ತಿಳಿದು ಕಾಯುತ್ತಾನೆ.

ಇದು ನನಗೆ ಬರಿಯ ಕಥೆಯಲ್ಲ. ನಾನು ಮೇಷ್ಟರಾಗಿದ್ದ ಒಂದು ಊರಿನಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ಕೆಲವೊಮ್ಮೆ ಒಬ್ಬಳೇ ನಗುವಳು. 'ಮೈಮೇಲೆ ಬಂದಿದೆ' ಎಂದರು. ಬೇವಿನ ಬರಲಿನಿಂದ ಹೊಡೆಸಿದರು, ಮೆಣಸಿನಕಾಯಿಯ ಹೊಗೆ ಹಾಕಿಸಿದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ ಬರೆದೆ. ಅವಳು ಮತ್ತೆ ಶಾಲೆಗೆ ಬರಲಿಲ್ಲ. ಅವಳಿಗೆ ಆಪ್ತಮಿತ್ರರು ಯಾರೂ ಒದಗಲಿಲ್ಲ.

ಭೂತ ಬಿಡಿಸುವ ನೆಪದಲ್ಲಿ ಹಿಂಸಿಸುವುದು ಇಂದು ಅಪರಾಧ. ರಾಜ್ಯದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ಚಿತ್ರದಲ್ಲಿ ಗುಣವಾಗುವುದು ಒಂದೇ ರಾತ್ರಿಯಲ್ಲಿ, ಪೂಜೆ ಮತ್ತು ವೈದ್ಯ ಎರಡೂ ಸೇರಿ. ನಿಜಜೀವನದಲ್ಲಿ ಅದಕ್ಕೆ ಕಾಲ ಬೇಕು, ಔಷಧ ಬೇಕು, ಮನೆಯವರ ತಾಳ್ಮೆ ಬೇಕು.

ಆದ್ದರಿಂದ ಮಕ್ಕಳೇ, ದೀಪ ಆರಿಸಿ, ಎಲ್ಲರೂ ಒಟ್ಟಿಗೆ ಕುಳಿತು ಚಿತ್ರ ನೋಡಿ, ಚೆನ್ನಾಗಿ ಹೆದರಿ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಯಾರಾದರೂ ಗಂಗಾಳಂತಾದರೆ ಮಾತ್ರ, ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ.