ಹೆಳವನ ಪುಸ್ತಕದಲ್ಲಿ ಇಲ್ಲದ ಹೆಸರುಗಳು



ಇತ್ತೀಚೆಗೆ ನನಗೆ ಬರುವ ದೂರವಾಣಿ ಕರೆಗಳಲ್ಲಿ ‘ವಂಶವೃಕ್ಷ’ದ ವಿಚಾರದವೇ ಹೆಚ್ಚು. “ಸಾರ್, ನಮ್ಮ ತಾತನ ತಂದೆಯ ಹೆಸರು ನಿಮಗೇನಾದರೂ ನೆನಪಿದೆಯೇ? ಪೌತಿ ಖಾತೆ ಮಾಡಿಸಬೇಕು, ನಾಡಕಚೇರಿಯಲ್ಲಿ ಕೇಳುತ್ತಿದ್ದಾರೆ” ಎನ್ನುತ್ತಾರೆ. ಕೊತ್ತಗೆರೆಯ ಸುತ್ತಮುತ್ತ ಜಮೀನಿನ ಬೆಲೆ ಏರಿದಂತೆಲ್ಲ ಸತ್ತ ತಾತಂದಿರ ಹೆಸರುಗಳಿಗೂ ಬೆಲೆ ಬಂದಿದೆ! ಮೂವತ್ತು ವರ್ಷ ಮಕ್ಕಳ ಹಾಜರಿ ಕೂಗಿದ ನನಗೆ ಊರಿನ ಅನೇಕ ಮನೆಗಳ ಎರಡು ತಲೆಮಾರಿನ ಹೆಸರುಗಳು ಬಾಯಿಪಾಠವಾಗಿರುವುದು ನಿಜ. ಆದರೆ ಏಳು ತಲೆಮಾರು ಹೇಳುವವರು ಬೇರೆಯೇ ಇದ್ದರು. ಅವರೇ ಹೆಳವರು. ಕಿರಿಯರಲ್ಲಿ ಅನೇಕರು ಅವರನ್ನು ನೋಡಿಯೇ ಇಲ್ಲದ ಕಾರಣ ಈ ಬರಹ.

ಸುಗ್ಗಿ ಮುಗಿದು ರಾಗಿ ಕಣದಿಂದ ಮನೆ ಸೇರುವ ಹೊತ್ತಿಗೆ ಹೆಳವ ಬರುತ್ತಿದ್ದ. ಅಲಂಕರಿಸಿದ ಎತ್ತು, ಅದರ ಮೇಲೆ ಕಂಬಳಿಯಿಂದ ಕಾಲು ಮುಚ್ಚಿಕೊಂಡು ಕುಳಿತ ವ್ಯಕ್ತಿ, ಕೈಯಲ್ಲಿ ಗಂಟೆ. ಬೆಳಗಿನ ಜಾವ ಮನೆಯ ಮುಂದೆ ನಿಂತು, ಮೂಲಪುರುಷ ಯಾವ ಊರಿನಿಂದ ಬಂದ, ಅವನಿಗೆ ಎಷ್ಟು ಮಂದಿ ಮಕ್ಕಳು, ಯಾರು ಎಲ್ಲಿಗೆ ಒಡೆದುಹೋದರು, ಯಾರು ಕೆರೆ ಕಟ್ಟಿಸಿದರು, ಯಾರು ಕಾಳಗದಲ್ಲಿ ಮಡಿದರು ಎಂಬುದನ್ನು ರಾಗವಾಗಿ ಹೇಳುತ್ತಿದ್ದ. ಎಡ್ಗರ್ ಥರ್ಸ್ಟನ್ ಮತ್ತು ರಂಗಾಚಾರಿ ಅವರು 1909ರಲ್ಲಿ ಏಳು ಸಂಪುಟಗಳಾಗಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿಯೂ ಹೆಳವರ ಈ ಎತ್ತು, ಕಾಲು ಮುಚ್ಚುವ ಕಂಬಳಿ ಎರಡೂ ಇವೆ.

‘ಹೆಳವ’ ಎಂದರೆ ಕಾಲಿಲ್ಲದವನು, ಕುಂಟ. ಇದರ ಹಿಂದೆ ಒಂದು ಐತಿಹ್ಯವಿದೆ; ಒಂದೊಂದು ಕಡೆ ಒಂದೊಂದು ಬಗೆಯಾಗಿ ಹೇಳುತ್ತಾರೆ. ಅನೇಕ ಮಂದಿ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ನಡೆಯಲು ಬರುತ್ತಿರಲಿಲ್ಲವಂತೆ. ಉಳುಮೆ ಮಾಡಲಾರದ ಅವನನ್ನು ಉಳಿದವರು ಎತ್ತಿನ ಮೇಲೆ ಕೂರಿಸಿ, “ನೀನು ನಮ್ಮ ಕುಲದ ಕಥೆ ಹೇಳು, ನಾವು ನಿನಗೆ ಅನ್ನ ಕೊಡುತ್ತೇವೆ” ಎಂದು ಮಾತು ಕೊಟ್ಟರಂತೆ. ತೆಲುಗು ನಾಡಿನ ಪಿಚ್ಚಿಗುಂಟರು ಇದೇ ಕಸುಬಿನವರು. ಅವರಲ್ಲಿಯೂ ಇಂಥದೇ ಕಥೆಯಿದೆ. ಕಥೆಯಲ್ಲಿ ಎಷ್ಟು ನಿಜವೋ ಬೇರೆ ಮಾತು. ಅದರೊಳಗಿನ ಒಪ್ಪಂದವನ್ನು ಗಮನಿಸಿ: ಭೂಮಿ ಇಲ್ಲದವನಿಗೆ ನೆನಪೇ ಭೂಮಿ.

ಇದು ಬರಿಯ ಅಲಂಕಾರದ ಮಾತಲ್ಲ. ಹೆಳವನಿಗೆ ನಿಶ್ಚಿತವಾದ ಮನೆಗಳಿದ್ದವು. ಅವನ್ನು ‘ಒಕ್ಕಲು’ ಎನ್ನುತ್ತಿದ್ದರು. ಅಪ್ಪನ ಒಕ್ಕಲುಗಳನ್ನು ಮಕ್ಕಳು ಹೊಲ ಹಂಚಿಕೊಂಡಂತೆ ಹಂಚಿಕೊಳ್ಳುತ್ತಿದ್ದರು. ಒಬ್ಬನ ಒಕ್ಕಲಿಗೆ ಇನ್ನೊಬ್ಬ ಹೋಗುವಂತಿರಲಿಲ್ಲ. ಪ್ರತಿಫಲವಾಗಿ ದವಸ, ಬಟ್ಟೆ, ಹಣ, ಅನುಕೂಲವಿದ್ದ ಮನೆಗಳಲ್ಲಿ ಕುರಿ, ಕರು ಕೂಡ ಸಿಗುತ್ತಿದ್ದವು. ಹಿಂದೆ ಓಲೆಗರಿ, ತಾಮ್ರಪಟಗಳಲ್ಲಿ ಇದ್ದುದು ಮುಂದೆ ಉದ್ದನೆಯ ಲೆಕ್ಕದ ಪುಸ್ತಕಗಳಿಗೆ ಬಂತು. ಹೊಸದಾಗಿ ಹುಟ್ಟಿದವರ ಹೆಸರನ್ನು ಆ ಭೇಟಿಯಲ್ಲಿಯೇ ಸೇರಿಸಿಕೊಳ್ಳುತ್ತಿದ್ದರು. ಹೆಳವರು ಇಂದಿಗೂ ಉತ್ತರ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣಸಿಗುತ್ತಾರೆ. ಉತ್ತರ ಭಾರತದಲ್ಲಿ ಹರಿದ್ವಾರದ ಪಂಡರು ಯಾತ್ರಿಕರ ಮನೆತನಗಳ ವಿವರವನ್ನು ಊರುವಾರು ‘ಬಹಿ’ಗಳಲ್ಲಿ ಬರೆದಿಟ್ಟಿರುವುದು ನಿಮಗೆ ತಿಳಿದಿರಬಹುದು, ಅವನ್ನು ಅಮೆರಿಕದ ಯೂಟಾದ ವಂಶಾವಳಿ ಸಂಘದವರು ಕಳೆದ ಶತಮಾನದಲ್ಲಿಯೇ ಮೈಕ್ರೋಫಿಲ್ಮ್ ಮಾಡಿಕೊಂಡರು. ಪಂಡರ ಬಳಿಗೆ ಯಾತ್ರಿಕರು ಹೋಗುತ್ತಾರೆ. ನಮ್ಮ ಹೆಳವನಾದರೋ ತಾನೇ ನಡೆದು ಬಂದು, ನಾವು ಯಾರೆಂಬುದನ್ನು ನಮ್ಮ ಬಾಗಿಲಲ್ಲೇ ಹೇಳಿ ಹೋಗುತ್ತಿದ್ದ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ತಂದೆಯ ಕಡೆಯ ಏಳು ತಲೆಮಾರಿನ ಹೆಸರುಗಳು ಒಂದು ಹಳೆಯ ನೋಟುಪುಸ್ತಕದಲ್ಲಿವೆ. ಹೆಳವ ಹೇಳಿದ್ದನ್ನು ನಮ್ಮ ದೊಡ್ಡಪ್ಪ ಬರೆದುಕೊಂಡದ್ದು. ಅದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ! ನನ್ನ ತಾಯಿಯ ತಾಯಿಯ ತಾಯಿ ಯಾರೆಂದು ತಿಳಿಯಲು ನಾನು ನಿವೃತ್ತನಾದ ಮೇಲೆ ನಾಲ್ಕು ಊರು ತಿರುಗಿದೆ. ಆಕೆ ಹುಲಿಯೂರುದುರ್ಗದ ಕಡೆಯಿಂದ ಬಂದ ಸೊಸೆ. ಅತ್ತೆಮನೆಯಲ್ಲಿ ಎಲ್ಲರೂ ‘ದುರ್ಗದವಳು’ ಎನ್ನುತ್ತಿದ್ದರು. ತೊಂಬತ್ತು ದಾಟಿದ ಬಂಧುವೊಬ್ಬರು, ಆಕೆ ಮಾಡುತ್ತಿದ್ದ ಹುರಳಿಕಾಳಿನ ಬಸ್ಸಾರಿನ ರುಚಿಯನ್ನು ನೆನೆದರೇ ವಿನಾ ಹೆಸರನ್ನು ಹೇಳಲಾಗಲಿಲ್ಲ. ಆಕೆ ಏಳು ಮಕ್ಕಳನ್ನು ಹೆತ್ತವಳು. ಆಕೆ ಇಲ್ಲದಿದ್ದರೆ ನಾನಿಲ್ಲ, ನನ್ನ ಬರಹವೂ ಇಲ್ಲ. ಆದರೂ ಹೆಸರು ಸಿಗಲಿಲ್ಲ.

ಹೆಳವನ ಮೇಲೆ ಕೋಪಿಸಿಕೊಂಡು ಪ್ರಯೋಜನವಿಲ್ಲ. ಅವನು ಸಾಮಾನ್ಯವಾಗಿ ಗಂಡುಸಂತತಿಯ ಎಳೆ ಹಿಡಿದು ಹೇಳುತ್ತಿದ್ದುದು, ಒಕ್ಕಲು ಉಳಿಯುವುದು ಆ ಎಳೆಯಲ್ಲಿಯೇ ಆದ್ದರಿಂದ. ಮಗ ಮನೆಯಲ್ಲಿರುತ್ತಾನೆ, ಹೊಲ ಅವನಿಗೆ ಬರುತ್ತದೆ, ಮುಂದಿನ ಸುಗ್ಗಿಗೆ ಮೊರದಲ್ಲಿ ರಾಗಿ ತಂದು ಸುರಿಸುವ ಯಜಮಾನ ಅವನೇ. ಮಗಳು ಬೇರೆ ಮನೆಗೆ, ಅಂದರೆ ಬೇರೆ ಹೆಳವನ ಒಕ್ಕಲಿಗೆ ಹೋಗುತ್ತಾಳೆ. ಅಲ್ಲಿ ಆಕೆ ಹೊರಗಿನಿಂದ ಬಂದವಳು. ಹೀಗೆ ಎರಡೂ ಪುಸ್ತಕಗಳಿಂದ ಜಾರಿಹೋಗುತ್ತಾಳೆ. ಭೈರಪ್ಪನವರ ‘ವಂಶವೃಕ್ಷ’ (1965) ಓದಿದವರಿಗೆ ಗೊತ್ತಿದೆ: ಆಸ್ತಿ ದಾಯಾದಿಗೆ ಸೇರಬಾರದೆಂಬ ಒಂದು ಹಠ, ಶ್ರೋತ್ರಿಗಳು ನಂಬಿಕೊಂಡಿದ್ದ ವಂಶದ ಬುಡವನ್ನೇ ಹೇಗೆ ಅಲುಗಾಡಿಸುತ್ತದೆ ಎಂಬುದು. ವಂಶಾವಳಿಯಲ್ಲಿ ಯಾರನ್ನು ಬರೆಯಬೇಕು, ಯಾರನ್ನು ಬಿಡಬೇಕು ಎಂಬುದನ್ನು ರಕ್ತಕ್ಕಿಂತ ಹೊಲದ ಬದುವೇ ನಿರ್ಧರಿಸಿದ್ದುಂಟು.

ಒಂದು ವಿನೋದ ಕೇಳಿ. ನಮ್ಮ ಕುಣಿಗಲ್ಲು ಟಿಪ್ಪುವಿನ ಕಾಲದಿಂದಲೂ ಕುದುರೆಗಳಿಗೆ ಪ್ರಸಿದ್ಧ. ಪಂದ್ಯದ ಕುದುರೆಗೂ ವಂಶವೃಕ್ಷ ಇರುತ್ತದೆ. ಇಂಗ್ಲೆಂಡಿನಲ್ಲಿ ಅದರ ಪುಸ್ತಕ ಮೊದಲು ಅಚ್ಚಾದದ್ದು 1791ರಲ್ಲಿ. ಅಲ್ಲಿ ಪ್ರತಿ ಮರಿಗೂ ತಂದೆ, ತಾಯಿ ಎರಡೂ ಹೆಸರು ಇರಲೇಬೇಕು. ಆಸ್ಟ್ರೇಲಿಯದ ಬ್ರೂಸ್ ಲೋ ಎಂಬಾತ ತಾಯಿಕುದುರೆಗಳ ಎಳೆಯನ್ನೇ ಹಿಡಿದು ಹಿಂದಕ್ಕೆ ಹೋಗಿ 43 ಮನೆತನಗಳನ್ನು ಎಣಿಸಿಟ್ಟ. ಅವನ ಪುಸ್ತಕ 1895ರಲ್ಲಿ ಪ್ರಕಟವಾಯಿತು. ಲಾಯದಲ್ಲಿನ ಕುದುರೆಗೆ ಅಜ್ಜಿಯ ಅಜ್ಜಿಯ ಹೆಸರು ಇದೆ, ಲಾಯದ ಆಚೆ ರಾಗಿ ಬೆಳೆಯುವ ನಮಗೆ ಇಲ್ಲ!

ಕಾನೂನು ಈಚೆಗೆ ಈ ಪುಸ್ತಕವನ್ನು ತಿದ್ದತೊಡಗಿದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ತಡೆ ಇರಲಿಲ್ಲ. ಅಂದು ತಂದೆ ಬದುಕಿರಬೇಕಾಗಿರಲಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದಲೇ ಇಂದು ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳನ್ನು ಬಿಟ್ಟರೆ ನಾಳೆ ತಕರಾರು. ಹೊಲದ ಬದುವೇ ಹೊರಹಾಕಿದ ಹೆಸರನ್ನು ಹೊಲದ ಬದುವೇ ಮರಳಿ ಒಳಗೆ ಕರೆಯುತ್ತಿದೆ. ಆದರೆ ಕಾನೂನು ಕೇಳುವುದು ಹಕ್ಕಿರುವ ಹೆಣ್ಣುಮಕ್ಕಳನ್ನು ಮಾತ್ರ. ನನ್ನ ‘ದುರ್ಗದವಳ’ನ್ನು ಯಾವ ಕಚೇರಿಯೂ ಕೇಳುವುದಿಲ್ಲ.

ಹೆಳವರ ಮಕ್ಕಳು ನನ್ನ ತರಗತಿಯಲ್ಲಿಯೂ ಕುಳಿತಿದ್ದರು. ಸುಗ್ಗಿ ಬಂತೆಂದರೆ ತಿಂಗಳುಗಟ್ಟಲೆ ಹಾಜರಿ ಇರುತ್ತಿರಲಿಲ್ಲ. ಅವರಲ್ಲಿ ಒಬ್ಬ ಈಗ ನೌಕರಿಯಲ್ಲಿದ್ದಾನೆ. ಸಿಕ್ಕಾಗ ಕೇಳಿದೆ. “ಪುಸ್ತಕಗಳು ಪೆಟ್ಟಿಗೆಯಲ್ಲಿ ಇವೆ ಸಾರ್. ಹೇಳುವ ಧಾಟಿ ಅಪ್ಪನ ಜೊತೆ ಹೋಯಿತು. ನನ್ನ ಮಗ ಎತ್ತಿನ ಮೇಲೆ ಕೂರಬಾರದು ಅಂತಲೇ ಅಪ್ಪ ನನ್ನನ್ನು ಶಾಲೆಗೆ ಹಾಕಿದ್ದು” ಎಂದ. ಅವನ ಮಾತು ಸರಿ. ಊರೂರು ತಿರುಗಿ ಇನ್ನೊಬ್ಬರ ಜಗುಲಿಯ ಮುಂದೆ ಕೈಯೊಡ್ಡಿ ನಿಲ್ಲುವ ಬಾಳನ್ನು ನಮ್ಮ ನೆನಪಿನ ಅನುಕೂಲಕ್ಕಾಗಿ ಅವನು ಮುಂದುವರಿಸಬೇಕೆಂದು ಬಯಸುವ ಅಧಿಕಾರ ನಮಗಿಲ್ಲ. ಪೆಟ್ಟಿಗೆಗೆ ಗೆದ್ದಲು ಹತ್ತುವ ಮೊದಲು ಪುಟಪುಟವನ್ನೂ ಛಾಯಾಚಿತ್ರ ತೆಗೆದಿಡು ಎಂದು ಮಾತ್ರ ಹೇಳಿದೆ. ಒಪ್ಪಿದ್ದಾನೆ.

ಹಾಗಾದರೆ ನಮ್ಮ ಮನೆಯ ಹೆಳವ ಇನ್ನು ಯಾರು? ನಾವೇ ಆಗಬೇಕು. ಮೇಷ್ಟ್ರ ಚಾಳಿ ಬಿಡದು, ಮನೆಗೆಲಸ ಕೊಡುತ್ತೇನೆ. ಮನೆಯಲ್ಲಿರುವ ಅತ್ಯಂತ ಹಿರಿಯ ಹೆಂಗಸಿನ ಬಳಿ ಕುಳಿತುಕೊಳ್ಳಿ. ಮೊದಲು ಆಕೆಯ ತಾಯಿಯ ಹೆಸರು, ತವರೂರು. ಆಮೇಲೆ ಆ ತಾಯಿಯ ತಾಯಿಯ ಹೆಸರು. ಕರೆಯುವ ಹೆಸರು ಬೇರೆ, ಇಟ್ಟ ಹೆಸರು ಬೇರೆ, ಎರಡನ್ನೂ ಬರೆದುಕೊಳ್ಳಿ. “ಯಾವ ಇಸವಿಯಲ್ಲಿ ಹುಟ್ಟಿದಿರಿ?” ಎಂದು ಕೇಳಿದರೆ ಉತ್ತರ ಬಾರದು. “ಗಾಂಧಿ ತೀರಿಕೊಂಡಾಗ ನೀವು ಎಷ್ಟು ದೊಡ್ಡವರು?” ಎಂದು ಕೇಳಿದರೆ 1948 ಸಿಗುತ್ತದೆ. “ಮೈಸೂರು ರಾಜ್ಯ ಕರ್ನಾಟಕವಾದಾಗ ಮೊದಲ ಮಗು ಹುಟ್ಟಿತ್ತೇ?” ಎಂದರೆ 1973. ಶಾಲೆಯ ದಾಖಲೆಯ ಜನ್ಮದಿನಾಂಕವನ್ನು ಪೂರ್ತಿ ನಂಬಬೇಡಿ. ಜೂನ್ ಒಂದನೇ ತಾರೀಖು ಹುಟ್ಟಿದ ಮಕ್ಕಳು ನಮ್ಮ ತರಗತಿಗಳಲ್ಲಿ ಎಷ್ಟೊಂದು ಇದ್ದರು ಎಂಬುದು ನನಗೆ ಗೊತ್ತು!

ಬರೆದದ್ದಕ್ಕೆ ಎರಡು ಪ್ರತಿ ಮಾಡಿ. ಒಂದನ್ನು ಮಗನಿಗೆ, ಇನ್ನೊಂದನ್ನು ಮಗಳಿಗೆ ಕೊಡಿ. ಹುಲಿಯೂರುದುರ್ಗದ ಕಡೆಯ ಬಂಧುಗಳು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯಿಂದ ನೂರು ವರ್ಷಕ್ಕೂ ಹಿಂದೆ ಕೊತ್ತಗೆರೆಯ ಕಡೆಗೆ ಕೊಟ್ಟ ಹೆಣ್ಣುಮಗಳೊಬ್ಬಳ ಹೆಸರು ಯಾರ ಬಾಯಲ್ಲಾದರೂ ಉಳಿದಿದೆಯೇ ಎಂದು ದಯಮಾಡಿ ವಿಚಾರಿಸಿ ತಿಳಿಸಿ. ನೋಟುಪುಸ್ತಕದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.