‘ಅಕ್ಕ’ ಎಂದು ಕರೆಯುವ ಪ್ರೇಮಿ

ಕೊರಿಯಾದ ಪ್ರೇಮಕಥಾ ಧಾರಾವಾಹಿಗಳನ್ನು ಕುರಿತು ಆ ಅಧ್ಯಾಪಕಿಯ ಅಭಿಪ್ರಾಯವು ಅವುಗಳನ್ನು ನೋಡುವುದಕ್ಕೆ ಮೊದಲೇ ಸಿದ್ಧವಾಗಿತ್ತು. ಮುಂಬಯಿಯ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಕನ್ನಡ ಕಾವ್ಯವನ್ನೂ ಕಾವ್ಯಮೀಮಾಂಸೆಯನ್ನೂ ಬೋಧಿಸಿ ನಿವೃತ್ತರಾದವರು ಅವರು. ಔಚಿತ್ಯವನ್ನು ಕಾವ್ಯದ ಜೀವವೆಂದು ತಲೆಮಾರುಗಳಿಗೆ ಪಾಠ ಹೇಳಿದವರಿಗೆ, ಮೊಮ್ಮಗಳು ಕೈಯಂಗಲದ ಪರದೆಯ ಮುಂದೆ ಕುಳಿತು ಕಣ್ಣೀರು ಸುರಿಸುವುದು ಸದಭಿರುಚಿಯ ಲಕ್ಷಣವಾಗಿ ಕಂಡಿರಲಿಲ್ಲ. 2022ರ ಮಳೆಗಾಲದಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಮಾಟುಂಗದ ಮನೆಯಲ್ಲಿ ಹಾಸಿಗೆ ಹಿಡಿಯಬೇಕಾಗಿ ಬರದಿದ್ದರೆ ಆ ಅಭಿಪ್ರಾಯ ಹಾಗೆಯೇ ಉಳಿಯುತ್ತಿತ್ತು.

ಮೊಮ್ಮಗಳು ಮೊದಲು ತೋರಿಸಿದುದು ‘ಕ್ರಾಶ್ ಲ್ಯಾಂಡಿಂಗ್ ಆನ್ ಯೂ’. 2019ರ ಡಿಸೆಂಬರಿನಿಂದ 2020ರ ಫೆಬ್ರವರಿಯವರೆಗೆ ದಕ್ಷಿಣ ಕೊರಿಯಾದಲ್ಲಿ ಪ್ರಸಾರವಾದ ಹದಿನಾರು ಕಂತುಗಳ ಕಥೆ. ಸೋಲ್ ನಗರದ ಸಿರಿವಂತ ಉದ್ಯಮಿಯೊಬ್ಬಳು ಪ್ಯಾರಾಗ್ಲೈಡರಿನಲ್ಲಿ ಹಾರುತ್ತಿರುವಾಗ ಸುಂಟರಗಾಳಿಗೆ ಸಿಕ್ಕಿ, ಗಡಿಯನ್ನು ದಾಟಿ, ಮರವೊಂದಕ್ಕೆ ತೂಗುಬಿದ್ದು, ಅಲ್ಲಿಂದ ಉತ್ತರ ಕೊರಿಯಾದ ಸೇನಾಧಿಕಾರಿಯ ಮೇಲೆಯೇ ಬೀಳುತ್ತಾಳೆ. ಅಧ್ಯಾಪಕಿ ಗಟ್ಟಿಯಾಗಿ ನಕ್ಕುಬಿಟ್ಟರು. 1953ರ ಕದನವಿರಾಮದಿಂದ ಈಚೆಗೆ ಮನುಷ್ಯರು ಸುಲಭವಾಗಿ ದಾಟಲಾಗದ ಗಡಿಯನ್ನು ಒಂದು ಗಾಳಿ ದಾಟಿಸಿತೆಂದರೆ ನಂಬುವವರಾರು? ಆದರೆ ನಗುವು ಮುಗಿಯುವುದರೊಳಗಾಗಿ ನೇಮಿಚಂದ್ರನ ಲೀಲಾವತಿ ನೆನಪಾಯಿತು. ಒಬ್ಬರನ್ನೊಬ್ಬರು ಕಾಣದ ರಾಜಕುಮಾರ ರಾಜಕುಮಾರಿಯರು ಕನಸಿನಲ್ಲಿ ಸಂಧಿಸಿ ವಿರಹದಿಂದ ಬೇಯುವ ಕಥೆಯನ್ನು ಅವರು ಗಂಭೀರವಾಗಿ, ಯಾವ ಸಂಕೋಚವೂ ಇಲ್ಲದೆ ಪಾಠ ಹೇಳಿದ್ದರು. ಕನಸಿಗೆ ಸಲ್ಲುವ ರಿಯಾಯತಿ ಗಾಳಿಗೇಕೆ ಸಲ್ಲಬಾರದು?

ದೋಷಗಳು ಇಲ್ಲದಿರಲಿಲ್ಲ. ನಾಯಕರಾದವರು ನಾಯಿಕೆಯ ಮಣಿಕಟ್ಟನ್ನು ಹಿಡಿದೆಳೆಯುವುದನ್ನು ಒಲವೆಂದು ಭಾವಿಸಿದಂತಿದೆ. ಕಥೆಯ ನಡುವೆ ಕರಿದ ಕೋಳಿಯ ಅಂಗಡಿಯೊಂದು ಜಾಹೀರಾತಿನ ನಾಚಿಕೆಯಿಲ್ಲದೆ ಮತ್ತೆ ಮತ್ತೆ ಬಂದು ಕುಳಿತುಕೊಳ್ಳುತ್ತದೆ. ಇವರಿಬ್ಬರೂ ವರ್ಷಗಳ ಹಿಂದೆ ಸ್ವಿಟ್ಜರ್ಲೆಂಡಿನಲ್ಲಿ ಒಬ್ಬರ ದಾರಿಗೊಬ್ಬರು ಬಂದಿದ್ದರೆಂಬ ಆಕಸ್ಮಿಕವನ್ನು ಲೀಲಾವತಿಯ ಬೆಂಬಲದಿಂದಲೂ ಕ್ಷಮಿಸಲಾಗದು. ಹಾಗಿದ್ದರೂ ಸಂತೆಯ ಕತ್ತಲಲ್ಲಿ ದಾರಿತಪ್ಪಿ ನಿಂತವಳಿಗೆ ಗುರುತಾಗಲೆಂದು ಆ ಅಧಿಕಾರಿ ಸುಗಂಧದ ಮೇಣದ ಬತ್ತಿಯೊಂದನ್ನು ಹಚ್ಚಿ ತಲೆಯ ಮೇಲೆ ಎತ್ತಿ ಹಿಡಿದು ಬರುವ ದೃಶ್ಯದಲ್ಲಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೊಮ್ಮಗಳು ನೋಡಿಯೂ ನೋಡದವಳಂತಿದ್ದಳು.

ಆದರೆ ಅವರನ್ನು ನಿಜವಾಗಿ ಕಲಕಿದುದು ಎರಡನೆಯ ಧಾರಾವಾಹಿ. ಅದೇ ನಟಿ ಸೊನ್ ಯೆ ಜಿನ್ ನಟಿಸಿದ್ದಾಳೆಂಬ ಕಾರಣಕ್ಕೆ ಮೊಮ್ಮಗಳು ಆರಿಸಿದ, 2018ರ ‘ಸಮ್‌ಥಿಂಗ್ ಇನ್ ದ ರೇನ್’. ಮೂವತ್ತು ದಾಟಿದ ಅವಿವಾಹಿತೆಯೊಬ್ಬಳಿಗೂ ಅವಳ ಆಪ್ತ ಗೆಳತಿಯ ತಮ್ಮನಿಗೂ ನಡುವೆ ಮೂಡುವ ಒಲವು ಇದರ ವಸ್ತು. ಮಳೆಯ ಸುಳಿವು ಇಂಗ್ಲಿಷ್ ಹೆಸರಿನಲ್ಲಿ ಮಾತ್ರ ಇದೆ. ಕೊರಿಯನ್ ಹೆಸರನ್ನು ಕನ್ನಡಕ್ಕೆ ತಂದರೆ ‘ಚೆನ್ನಾಗಿ ಊಟ ಕೊಡಿಸುವ ಚೆಲುವೆ ಅಕ್ಕ’ ಎಂದಾಗುತ್ತದೆ. ಊಟವೂ ಹೋಯಿತು, ಅಕ್ಕನೂ ಹೋದಳು. ಇಂಗ್ಲಿಷಿನವರಿಗೆ ಉಳಿದುದು ಮಳೆ.

ಆ ತರುಣ ತನ್ನ ಪ್ರಿಯೆಯನ್ನು ‘ನೂನಾ’ ಎಂದು ಕರೆಯುತ್ತಾನೆ. ಹುಡುಗನೊಬ್ಬ ಅಕ್ಕನನ್ನು ಕರೆಯುವ ಶಬ್ದವದು. ಹೆಣ್ಣು ಅಣ್ಣನನ್ನು ಕರೆಯುವ ‘ಒಪ್ಪಾ’ ಎಂಬ ಶಬ್ದವೇ ಅಲ್ಲಿ ನಲ್ಲನಿಗೂ ಸಲ್ಲುತ್ತದೆ. ಕನ್ನಡದ ಕಿವಿಗೆ ಇದು ಆಘಾತವೇ ಸರಿ. ಕನ್ನಡದಲ್ಲಿ ಹೆಣ್ಣೊಬ್ಬಳನ್ನು ‘ಅಕ್ಕ’ ಎಂದೊಡನೆ ಶೃಂಗಾರದ ಬಾಗಿಲು ಮುಚ್ಚಿತು. ಎಷ್ಟೋ ಸಲ ಅದನ್ನು ಮುಚ್ಚುವುದಕ್ಕಾಗಿಯೇ ಹಾಗೆ ಕರೆಯುವುದುಂಟು. ಅಧ್ಯಾಪಕಿ ಮೊದಲೆರಡು ಕಂತುಗಳನ್ನು ಮೈ ಬಿಗಿಹಿಡಿದುಕೊಂಡೇ ನೋಡಿದರು. ಆಮೇಲೆ ಹೊಳೆಯಿತು: ಜನಪದ ಗೀತಗಳಲ್ಲಿ ಪ್ರಿಯನು ‘ಮಾವ’ನೂ ‘ಭಾವ’ನೂ ಆಗಿ ಬರುವುದು ಅಪರೂಪವಲ್ಲವಷ್ಟೆ. ಬಂಧುತ್ವದ ಶಬ್ದದೊಳಗೆ ಒಲವನ್ನು ಅಡಗಿಸಿಡುವ ಜಾಣ್ಮೆ ಎರಡು ಕಡೆಯೂ ಇದೆ. ಯಾವ ಶಬ್ದವೆಂಬುದಷ್ಟೇ ಬೇರೆ. ಪ್ರತಿ ‘ನೂನಾ’ದಲ್ಲಿ ಆ ತರುಣನ ದನಿ ಬದಲಾಗುತ್ತಿತ್ತು. ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ ಅದು ಅನೇಕ ಸಲ ಬರಿಯ ಹೆಸರಾಗಿ ಮುಗಿದುಹೋಗುತ್ತಿತ್ತು. ನೀನು, ನೀವು, ತಾವು ಎಂಬ ಭೇದವನ್ನು ಅರಿಯದ ಭಾಷೆ ಇನ್ನೇನು ಮಾಡೀತು? ಕೊರಿಯನ್ನಿನಲ್ಲಿ ಸಲಿಗೆಯ ಮಾತಿಗೂ ಗೌರವದ ಮಾತಿಗೂ ಕ್ರಿಯಾಪದದ ಕೊನೆಯೇ ಬೇರೆ. ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುವುದರಿಂದ, ಮಾತು ಮುಗಿಯುವವರೆಗೂ ಕೇಳುವವನ ಸ್ಥಾನ ತೂಗುತ್ತಿರುತ್ತದೆ. ‘ಅಪ್ಪಾ’ ಎಂದರೆ ಅಲ್ಲಿಯೂ ಅಪ್ಪನೇ. ಇಂತಹ ಹೋಲಿಕೆಗಳ ಬೆನ್ನುಹತ್ತಿ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ವಿದ್ವಾಂಸ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದನು. ಇಂದಿನ ಭಾಷಾಶಾಸ್ತ್ರ ಆ ನಂಟನ್ನು ಒಪ್ಪುವುದಿಲ್ಲ. ಅಧ್ಯಾಪಕಿಗೂ ಅದು ಗೊತ್ತಿತ್ತು. ಆದರೂ ಕಿವಿ ಕೇಳಬೇಕಲ್ಲ.

ಆ ನಾಟಕದ ಮಂದಿ ಮಾತಿಗೊಮ್ಮೆ ‘ಊಟವಾಯಿತೆ’ ಎಂದು ಕೇಳುತ್ತಾರೆ. ಕೊರಿಯಾದಲ್ಲಿ ಅದು ಕುಶಲಪ್ರಶ್ನೆ. ಅಧ್ಯಾಪಕಿಯ ಪತಿ, ಧಾರವಾಡದ ಕಡೆಯವರು, ಕೋಟೆಯ ಭಾಗದ ಕಚೇರಿಯಿಂದ ದಿನವೂ ಮಧ್ಯಾಹ್ನ ಒಂದೂವರೆಗೆ ಕಾಲೇಜಿನ ದೂರವಾಣಿಗೆ ಕರೆಮಾಡಿ ಇದೊಂದನ್ನೇ ಕೇಳುತ್ತಿದ್ದರು: “ಊಟಾ ಆತೇನು?” ಆತು ಎಂದರೆ ಇಟ್ಟುಬಿಡುವರು. ಸಹೋದ್ಯೋಗಿಗಳು ನಗುತ್ತಿದ್ದರು. ಬೇರೇನೂ ಹೇಳಲು ತೋಚದ ಮನುಷ್ಯರೆಂದು ಅವರಿಗೂ ಒಳಗೊಳಗೇ ಬೇಸರವಿತ್ತು. ಆ ಬೇಸರವನ್ನು ಅವರ ಮುಂದೆ ಒಂದೆರಡು ಸಲ ಕಟುವಾಗಿಯೇ ಆಡಿದ್ದುಂಟು. 2019ರಲ್ಲಿ ಅವರು ತೀರಿಕೊಂಡರು. ಪರದೆಯ ಮೇಲೆ ಒಬ್ಬ ತರುಣ, ನಾಲ್ಕು ಜನರ ನಡುವೆ ಮೇಜಿನ ಕೆಳಗೆ ಗೆಳತಿಯ ಕೈ ತನ್ನ ಕೈಯನ್ನು ಸದ್ದಿಲ್ಲದೆ ಹಿಡಿದುಕೊಂಡಾಗ, ಒಂದು ಮಾತನ್ನೂ ಆಡದೆ ಕುಳಿತಿದ್ದ. ಆ ಒಂದೂವರೆ ಗಂಟೆಯ ಕರೆ ಏನಾಗಿತ್ತೆಂಬುದು ಅಲಂಕಾರಶಾಸ್ತ್ರ ಬಲ್ಲವರಿಗೆ ಅಂದು ತಿಳಿಯಿತು. ಧ್ವನಿಯನ್ನು ಕುರಿತು ಎಷ್ಟೋ ವರ್ಷ ಪಾಠ ಹೇಳಿದ್ದರು.

ಗಂಡಹೆಂಡಿರು ಪರಸ್ಪರ ‘ಯೊಬೊ’ ಎನ್ನುವುದನ್ನು ಕೇಳಿ ಮೊಮ್ಮಗಳು ಅದರ ಅರ್ಥ ಹುಡುಕಿದಳು. ‘ಇಲ್ಲಿ ನೋಡಿ’ ಎಂಬ ಮಾತು ಸವೆದು ಹಾಗಾಯಿತೆಂದು ವಿವರಿಸುವುದುಂಟು. ಅವಳ ಮುಂದಿನ ಪ್ರಶ್ನೆ ಸಹಜವಾಗಿಯೇ ಬಂತು.

“ಅಜ್ಜಿ, ನೀ ಅಜ್ಜಾಗ ಏನಂತ ಕರೀತಿದ್ದಿ?”

ಹೆಸರಿಡಿದು ಎಂದೂ ಕರೆದಿರಲಿಲ್ಲ. ಆಸ್ಪತ್ರೆಯ ಗುಮಾಸ್ತ ರೋಗಿಯ ಹೆಸರು ಕೇಳಿದಾಗಲೂ ಅವನ ಕೈಯ ಲೇಖನಿಯನ್ನು ಇಸಿದುಕೊಂಡು ಬರೆದು ಕೊಟ್ಟಿದ್ದರು.

“ಏನ್ರೀ ಅಂತಿದ್ದೆ.”

“ಅಷ್ಟಽ? ಅದು ಹೆಸರಽ ಅಲ್ಲ.”

ಒಂದೇ ‘ಏನ್ರೀ’ ಅಲ್ಲವೆಂದು ಅಧ್ಯಾಪಕಿ ವಿವರಿಸಿದರು. ಚಹಾ ಆರುತ್ತದೆ ಎಂದು ಕರೆಯುವುದು ಒಂದು. ಹಾಗೆ ಕರೆದು ತೋರಿಸಿದರು. ಸಿಟ್ಟಿನದು ಇನ್ನೊಂದು, ಅದನ್ನೂ ತೋರಿಸಿದರು, ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ದಾದರ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಕಾಣದಾದಾಗ ಕೂಗುತ್ತಿದ್ದುದು ಬೇರೆಯೇ ಇತ್ತು. ಅದನ್ನು ತೋರಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿ, ಮುಂದಿನ ಕಂತು ಹಚ್ಚು ಎಂದರು.